ಡ್ಯಾಂಗೆ ಹೊರಟಿದ್ದೀರಾ? ಈ 12 ಸೂತ್ರ ಕಲಿತು ಹೊರಡಿ

ಬೆಳಿಗ್ಗೆ ಜಿಡಗಾ ಮಠದಲ್ಲಿ ದರ್ಶನ, ಮಧ್ಯಾಹ್ನ ಕೋರಳ್ಳಿ ಹತ್ತಿರದ ಅಮರ್ಜಾ ಡ್ಯಾಂ, ಸಂಜೆ ವಾಪಸ್. ಆಳಂದ ಕಡೆಯ ಹುಡುಗರ ಭಾನುವಾರದ ಪ್ಲ್ಯಾನ್ ಹೆಚ್ಚುಕಡಿಮೆ ಇಷ್ಟೇ. ಒಳ್ಳೆಯ ಪ್ಲ್ಯಾನ್, ಬಿಡಬೇಡಿ. ಪಿಎಸ್‌ಐ, ಎಫ್‌ಡಿಎ, ನೀಟ್ ಅಂತ ವಾರವಿಡೀ ರೂಮಿನಲ್ಲಿ ಕೂತು ಓದುವವರಿಗೂ, ಕಲಬುರಗಿಯ ಆಫೀಸುಗಳಲ್ಲಿ ಟಾರ್ಗೆಟ್ ಬೆನ್ನು ಹತ್ತಿದವರಿಗೂ ನೀರು, ಗಾಳಿ, ಗೆಳೆಯರು ಬೇಕೇ ಬೇಕು.

ತಮಾಷೆ ಎಂದರೆ, ಒಂದು ಪರೀಕ್ಷೆಗೆ ಎರಡು ವರ್ಷ ಮಾಕ್ ಟೆಸ್ಟ್ ಬರೆಯುವ ಹುಡುಗನೇ ಡ್ಯಾಂಗೆ ಮಾತ್ರ ಏನೂ ತಯಾರಿ ಇಲ್ಲದೆ ಹೋಗುತ್ತಾನೆ. 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ದಿನಕ್ಕೆ ನೂರರ ಮೇಲಾಯಿತು. ಊರಲ್ಲಿ ಇದಕ್ಕೆ ‘ಹಣೆಬರಹ’ ಎಂದು ಹೆಸರು. ಆ ಮಾತನ್ನು ಇವತ್ತೇ ಬಿಡಿ. ನೀರಿನ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ತಪ್ಪಿಸುವ ಕೆಲಸ ಬಹುತೇಕ ದಂಡೆಯ ಮೇಲೇ, ನೀರಿಗೆ ಕಾಲಿಡುವ ಮೊದಲೇ ಮುಗಿದಿರುತ್ತದೆ.

1. ನಿರ್ಧಾರವನ್ನು ಮನೆಯಲ್ಲೇ ಮಾಡಿ

ಬೈಕ್ ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಇರಲಿ. ಯಾರು ನೀರಿಗೆ ಇಳಿಯುತ್ತಾರೆ? ಎಲ್ಲಿ? ಎಷ್ಟು ಹೊತ್ತು? ದಂಡೆಯಲ್ಲಿ ಯಾರು ಕೂರುತ್ತಾರೆ? ‘ಅಲ್ಲಿ ಹೋಗಿ ನೋಡಿದ್ರಾಯ್ತು’ ಎಂಬುದು ಪ್ಲ್ಯಾನ್ ಅಲ್ಲ. ಕಲಬುರಗಿ ಬಿಸಿಲಿನಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ಬೆವರಿಳಿಯುತ್ತಿರುವಾಗ ಎದುರಿಗೆ ತಣ್ಣನೆಯ ನೀರು ಕಂಡರೆ ಯಾರ ತಲೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ತಲೆ ತಣ್ಣಗಿರುವಾಗಲೇ ತೀರ್ಮಾನ ಮಾಡಿ.

ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ. ‘ಫ್ರೆಂಡ್ ರೂಮಿಗೆ’ ಎಂದು ಸುಳ್ಳು ಹೇಳಿ ಡ್ಯಾಂಗೆ ಹೋದವರನ್ನು ಹುಡುಕುವುದಾದರೂ ಎಲ್ಲಿ?

2. ಡ್ಯಾಮನ್ನು ಸಿಲೆಬಸ್‌ನಂತೆ ಓದಿ

‘ನಮ್ಮೂರ ಬಾವ್ಯಾಗ ಸಣ್ಣವನಿದ್ದಾಗಿಂದ ಈಸ್ತೀನಿ’ ಎನ್ನುವವರಿಗೇ ಈ ಸೂತ್ರ. ಬಾವಿಯಲ್ಲಿ ಎರಡು ಕೈ ಬೀಸಿದರೆ ಗೋಡೆ ಸಿಗುತ್ತದೆ, ಮೆಟ್ಟಿಲು ಸಿಗುತ್ತದೆ. ಡ್ಯಾಮಿನಲ್ಲಿ ಹಿಡಿಯಲು ಏನೂ ಇಲ್ಲ. ಅದರ ಜೊತೆಗೆ ಕಣ್ಣಿಗೆ ಕಾಣದ ಐದಾರು ವಿಷಯಗಳಿವೆ. ಅವನ್ನು ಬಾಯಿಪಾಠ ಮಾಡಿ.

ಮೊದಲನೆಯದು ತಳ. ಅಣೆಕಟ್ಟಿನ ನೀರಿನಡಿ ಇರುವುದು ಹಿಂದೊಮ್ಮೆ ಹೊಲ, ಹಳ್ಳ, ದಾರಿ ಆಗಿದ್ದ ನೆಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಹಳೆಯ ಹಳ್ಳದ ಪಾತ್ರಕ್ಕೋ, ಮಣ್ಣು ತೆಗೆದ ಗುಂಡಿಗೋ ಇಳಿದುಬಿಡಬಹುದು. ನೀರು ರಾಡಿ, ಕೆಳಗೆ ಏನೂ ಕಾಣದು. ‘ಇಲ್ಲಿತನಕ ಆಳ ಇಲ್ಲ’ ಎಂಬ ಅನುಭವ ಮುಂದಿನ ಹೆಜ್ಜೆಗೆ ಸಾಕ್ಷಿಯಲ್ಲ.

ಎರಡನೆಯದು ನಮ್ಮ ಎರೆಮಣ್ಣು. ತೊಗರಿ ಬೆಳೆಯುವ ಇದೇ ಕರಿ ಮಣ್ಣು ನೀರಿನಂಚಿನಲ್ಲಿ ಬೇರೆಯೇ ಆಟ ಆಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅಂಚಿನ ಕೆಸರು ಮೇಲಷ್ಟೇ ಒಣಗಿ ಬಿರುಕು ಬಿಡುತ್ತದೆ. ನೋಡಲು ಗಟ್ಟಿ ನೆಲ. ಕಾಲಿಟ್ಟರೆ ಪಾದ ಹೋಗುತ್ತದೆ, ಎಳೆದುಕೊಳ್ಳಲು ಇನ್ನೊಂದು ಕಾಲು ಊರಿದರೆ ಅದೂ ಮೊಣಕಾಲತನಕ ಹೋಗುತ್ತದೆ. ಚಪ್ಪಲಿ ಒಳಗೇ ಉಳಿಯುತ್ತದೆ. ಹೀಗಾದರೆ ಒದ್ದಾಡಬೇಡಿ. ಹಿಂದಕ್ಕೆ ಕೂತು, ಮೈಭಾರ ಹರಡಿ, ಒಂದೊಂದೇ ಕಾಲನ್ನು ನಿಧಾನವಾಗಿ ಬಿಡಿಸಿಕೊಳ್ಳಿ.

ಮೂರನೆಯದು ಅಣೆಕಟ್ಟಿನ ಒಡ್ಡಿಗೆ ಹಾಸಿದ ಕಲ್ಲು. ಸೆಲ್ಫಿಗೆ ಎಲ್ಲರೂ ನಿಲ್ಲುವುದು ಅಲ್ಲೇ. ನೀರು ತಾಗುವ ಕಡೆ ಆ ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ಇಳಿಜಾರು ಬೇರೆ. ಜಾರಿದವರು ಹತ್ತಿ ಬರುವುದು ಕಷ್ಟ. ಸಿಮೆಂಟ್ ಹಾಕಿದ ಕಾಲುವೆಯದೂ ಇದೇ ಕಥೆ: ಇಳಿಯುವುದು ಸುಲಭ, ಹತ್ತುವುದು ಅಲ್ಲ.

ಇನ್ನು ತೂಬು ಮತ್ತು ಗೇಟು. ಕಾಲುವೆಗೆ ನೀರು ಬಿಟ್ಟಾಗ ತೂಬಿನ ಹತ್ತಿರ ಮೇಲ್ಮೈ ಶಾಂತವಾಗಿರುತ್ತದೆ, ಸೆಳೆತ ಇರುವುದು ಅಡಿಯಲ್ಲಿ. ಗೇಟಿನ ಕೆಳಭಾಗದಲ್ಲಿ ಬೀಳುವ ನೀರು ಅಲ್ಲಲ್ಲೇ ಸುತ್ತುತ್ತದೆ. ಸಿಕ್ಕಿದ್ದನ್ನು ಮತ್ತೆ ಮತ್ತೆ ಒಳಗೆ ಎಳೆಯುತ್ತದೆ. ಪಕ್ಕಾ ಈಜುಗಾರನೂ ಅದನ್ನು ದಾಟಲಾರ. ಈ ಎರಡು ಜಾಗದ ಹತ್ತಿರ ಸುಳಿಯಬೇಡಿ. ಸೈರನ್ ಕೇಳಿದರೆ ಬಟ್ಟೆ, ಚಪ್ಪಲಿ ಬಿಟ್ಟು ಮೇಲೆ ಓಡಿ.

ಕೊನೆಯದು ಚಳಿ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಿದ್ದರೂ ಆಳದ ನೀರು ತಣ್ಣಗಿರುತ್ತದೆ. ಬಿಸಿ ಮೈಯಲ್ಲಿ ದಬಕ್ಕನೆ ಬಿದ್ದರೆ ಉಸಿರು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಗಾಳಿಯ ಬದಲು ನೀರೇ ಒಳಹೋಗುತ್ತದೆ. ಮುಖ, ಎದೆಗೆ ನೀರು ಚಿಮುಕಿಸಿಕೊಂಡು ಮೆಲ್ಲಗೆ ಇಳಿಯಿರಿ. ಕಾಲು ಮೊದಲು, ತಲೆ ಮೊದಲಲ್ಲ. ಕೈಯಲ್ಲೊಂದು ಬಡಿಗಿ ಇರಲಿ, ಮುಂದಿನ ಹೆಜ್ಜೆ ಅಳೆಯಲು.

ಇಷ್ಟೆಲ್ಲ ಓದಿದ ಮೇಲೂ ಅಲ್ಲಿ ಮೀನು ಹಿಡಿಯುವವರನ್ನು ಕೇಳಿ. ‘ಕಾಕಾ, ಇಲ್ಲಿ ಆಳ ಎಷ್ಟದ್ರೀ?’ ಎನ್ನಲು ಅರ್ಧ ನಿಮಿಷ ಸಾಕು. ದಿನಾ ತೆಪ್ಪ ಹಾಕುವವರಿಗೆ ಗೊತ್ತಿರುವಷ್ಟು ಗೂಗಲ್ ಮ್ಯಾಪ್‌ಗೆ ಗೊತ್ತಿಲ್ಲ.

3. ‘ನನಗ ಈಸು ಬರಲ್ಲ’ ಅನ್ನುವುದನ್ನು ಬಿಡಿ, ಕಲಿಯಿರಿ

ಇದು ಸ್ವಭಾವ ಅಲ್ಲ, ಅಭ್ಯಾಸ. ಇಂಗ್ಲಿಷ್ ಬರಲ್ಲ ಎನ್ನುತ್ತಿದ್ದವರು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಲಿಲ್ಲವೇ? ಈಜೂ ಹಾಗೇ. ಮೂವತ್ತು ದಾಟಿದವರೂ ಕಲಿಯಬಹುದು. ಹೆಣ್ಣುಮಕ್ಕಳಿಗೆ ಇದು ಬೇಡ ಎನ್ನುವ ಮನೆಗಳಿವೆ. ಬಟ್ಟೆ ಒಗೆಯಲು, ನೀರು ತರಲು ದಂಡೆಗೆ ಹೋಗುವವರು ಮಾತ್ರ ಅವರೇ! ಮನೆಯಲ್ಲಿ ತಂಗಿ ಇದ್ದರೆ ಅವಳನ್ನೂ ಸೇರಿಸಿ.

ಗುರಿ ದೊಡ್ಡದೇನಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ‘ಸ್ವಿಮ್‌ಸೇಫ್’ ಎಂಬ ಯೋಜನೆ ನಡೆಯಿತು. ಊರ ಕೆರೆಯಲ್ಲೇ ಬಿದಿರಿನ ಅಟ್ಟ ಕಟ್ಟಿ, ಅದರೊಳಗೆ ಮಕ್ಕಳಿಗೆ ಪಾಠ. ಪಾಸಾಗಲು ಬೇಕಿದ್ದದ್ದು 25 ಮೀಟರ್ ಈಜು, 30 ಸೆಕೆಂಡ್ ತೇಲುವುದು ಮತ್ತು ದಂಡೆಯಿಂದಲೇ ಇನ್ನೊಬ್ಬರನ್ನು ಉಳಿಸುವ ವಿಧಾನ. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 90ಕ್ಕೂ ಹೆಚ್ಚು ಇಳಿಯಿತು. ಒಲಿಂಪಿಕ್ಸ್ ಕೊಳ ಬೇಕಾಗಲಿಲ್ಲ, ಬಿದಿರು ಸಾಕಾಯಿತು.

ನೀವು ಕಲಬುರಗಿಯಲ್ಲಿದ್ದರೆ ನಗರದ ಈಜುಕೊಳದ ಬೇಸಿಗೆ ಬ್ಯಾಚ್ ಸೇರಿ. ಹಳ್ಳಿಯಲ್ಲಿದ್ದರೆ ಪಾವಟಿಗೆ ಇರುವ ಬಾವಿ, ಬೆನ್ನಿಗೆ ಕಟ್ಟಿದ ಖಾಲಿ ಡಬ್ಬಿ, ಪಕ್ಕದಲ್ಲಿ ಚೆನ್ನಾಗಿ ಈಜು ಬಲ್ಲ ದೊಡ್ಡವರು: ನಮ್ಮ ಮುತ್ಯಾಂದಿರು ಕಲಿತದ್ದು ಹೀಗೇ. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಪ್ರತಿ ಸಲ ನೋಡಿ. ಡ್ಯಾಮಿನಲ್ಲಿ ಮಾತ್ರ ಕಲಿಯಲು ಹೋಗಬೇಡಿ. ಅಗ್ನಿಶಾಮಕ ಸೇವೆ, ಎಸ್‌ಡಿಆರ್‌ಎಫ್, ನೌಕಾಪಡೆ ಎಂದು ಕನಸಿದ್ದರೆ ಇದೇ ಕೌಶಲ ಮುಂದೆ ಕೆಲಸಕ್ಕೂ ಬರುತ್ತದೆ.

4. ಈಜುವುದಕ್ಕಿಂತ ಮೊದಲು ತೇಲಿ

ಗಾಬರಿಯಾದಾಗ ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಲ್ಲಿ ಮುಳುಗಲಿ, ಬಾಯಿ ಮೂಗು ಆಕಾಶದ ಕಡೆ ಇರಲಿ. ಕೈ ಅಗಲಿಸಿ. ಎದೆ ತುಂಬ ಉಸಿರು ಎಳೆಯಿರಿ. ಶ್ವಾಸಕೋಶದಲ್ಲಿ ಗಾಳಿ ಇದ್ದಷ್ಟು ಹೊತ್ತು ಮೈ ಮೇಲೇ ಇರಲು ನೋಡುತ್ತದೆ. ಒಂದು, ಒಂದೂವರೆ ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತದೆ. ಕೂಗುವುದು, ದಂಡೆಯ ಕಡೆ ಮೆಲ್ಲಗೆ ಸರಿಯುವುದು ಆಮೇಲೆ. ಜೀನ್ಸ್ ಹಾಕಿಕೊಂಡು ನೀರಿಗೆ ಇಳಿಯುವವರಿಗೆ ಇದು ಎರಡು ಪಟ್ಟು ಕಷ್ಟ. ಇಳಿಯಲೇಬೇಕೆಂದಿದ್ದರೆ ಚಡ್ಡಿ ತೆಗೆದುಕೊಂಡು ಹೋಗಿ.

5. ಬೋಟ್ ಹತ್ತುವ ಮುಂಚೆ ಜಾಕೆಟ್ ಕೇಳಿ

ಕೇಳಲು ನಾಚಿಕೆ ಬೇಡ. ಕೊಡದಿದ್ದರೆ ಹತ್ತಬೇಡಿ. ಹಣ ವಾಪಸ್ ಕೊಡದಿದ್ದರೂ ಇಳಿದು ಬನ್ನಿ.

2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. 14 ಜನ ಕೂರುವ ದೋಣಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜನರನ್ನು ತುಂಬಿದ್ದರು, ಎಲ್ಲರಿಗೂ ಜಾಕೆಟ್ ಹಾಕಿಸಿರಲಿಲ್ಲ. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅದೇ ವರ್ಷ ಮೇ 21ರ ಸಂಜೆ ಮಹಾರಾಷ್ಟ್ರದಲ್ಲಿ ನಮ್ಮ ಭೀಮೆಯ ಮೇಲಿನ ಉಜನಿ ಜಲಾಶಯದ ಹಿನ್ನೀರಿನಲ್ಲಿ, ಕುಗಾಂವದಿಂದ ಕಳಾಶಿಗೆ ಹೊರಟಿದ್ದ ದೋಣಿಯನ್ನು ಬಿರುಗಾಳಿ ಮಗುಚಿ ಹಾಕಿತು. ಆರು ಜನ ಸತ್ತರು. ಈಜಿ ದಡ ಸೇರಿದ್ದು ಒಬ್ಬರು. ಮೇ ತಿಂಗಳ ಸಂಜೆ ಗಾಳಿ ಏಳುವುದು ನಮ್ಮ ಕಡೆ ಯಾರಿಗೂ ಹೊಸ ವಿಷಯವಲ್ಲ. ಮುಗಿಲು ಕಪ್ಪಾದರೆ ತೆಪ್ಪ ಹತ್ತಬೇಡಿ. ನೀರಿನ ಮೇಲಿದ್ದರೆ ಹತ್ತಿರದ ದಡಕ್ಕೆ ಹೋಗಿ, ನಿಮ್ಮ ದಡಕ್ಕೇ ಬರಬೇಕೆಂಬ ಹಟ ಬೇಡ.

ಜಾಕೆಟ್ ಸರಿ ಇದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ. ಎಲ್ಲ ಬಕಲ್ ಹಾಕಿಸಿ, ಗೆಳೆಯನಿಗೆ ಹೇಳಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿಯತನಕ ಬಂದರೆ ಅದು ಸಡಿಲ, ನೀರಿನಲ್ಲಿ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿಸಿದರೆ ಹಾಕಿಸದಂತೆಯೇ. ಫೋಟೋಗೆ ಮಾತ್ರ ಹಾಕಿ ಆಮೇಲೆ ಬಿಚ್ಚಿ ಸೀಟಿನ ಮೇಲಿಡುವ ಮಹನೀಯರೂ ಇದ್ದಾರೆ. ದೋಣಿ ಮಗುಚುವಾಗ ಜಾಕೆಟ್ ಹಾಕಿಕೊಳ್ಳಲು ಯಾರಿಗೂ ಪುರಸೊತ್ತು ಸಿಕ್ಕಿಲ್ಲ. ಮಗುಚಿದರೆ ದೋಣಿಯನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಂಡರೂ ಅದು ಹತ್ತಿರ ಇರುವುದಿಲ್ಲ.

6. ಮುಗಿಲು ಮಾತ್ರವಲ್ಲ, ಮಹಾರಾಷ್ಟ್ರದ ಸುದ್ದಿಯನ್ನೂ ನೋಡಿ

ಅಫಜಲಪುರ, ಜೇವರ್ಗಿ ಕಡೆಯವರಿಗೆ ವಿಶೇಷವಾಗಿ. ನಿಮ್ಮ ಭೀಮಾ ನದಿ ಏರುವುದು ನಿಮ್ಮೂರಿನ ಮಳೆಯಿಂದಷ್ಟೇ ಅಲ್ಲ. ಇಲ್ಲಿ ಬಿರುಬಿಸಿಲು ಇರಬಹುದು, ಅಲ್ಲಿ ಉಜನಿಯ ಗೇಟು ತೆಗೆದಿರಬಹುದು. ಆ ನೀರು ಸೊನ್ನ ಬ್ಯಾರೇಜಿಗೆ, ಆಮೇಲೆ ಗಾಣಗಾಪುರಕ್ಕೆ, ಮುಂದೆ ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆಗೆ ಬಂದೇ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೀಗೆ ಬಂದ ನೀರಿಗೆ ಭೀಮೆಯ ದಂಡೆಯ ಹಳ್ಳಿಗಳನ್ನೇ ಖಾಲಿ ಮಾಡಿಸಬೇಕಾಯಿತು.

ಪೇಪರಿನಲ್ಲಿ ‘1 ಲಕ್ಷ ಕ್ಯುಸೆಕ್’ ಎಂದು ಓದಿ ಪುಟ ತಿರುವಬೇಡಿ. ಲೆಕ್ಕ ಹಾಕಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 1 ಲಕ್ಷ ಕ್ಯುಸೆಕ್ ಎಂದರೆ ಒಂದೊಂದು ಸೆಕೆಂಡಿಗೂ 28 ಲಕ್ಷ ಲೀಟರ್ ನಿಮ್ಮ ಕಡೆ ಹೊರಟಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಹೇಗೂ ಒಂದು ಮಾರ್ಕಿನ ಪ್ರಶ್ನೆ.

ಗಾಣಗಾಪುರದಲ್ಲಿ ಅಮರ್ಜಾ ಬಂದು ಭೀಮೆಗೆ ಸೇರುತ್ತದೆ. ದತ್ತ ಜಯಂತಿಗೆ, ಹುಣ್ಣಿಮೆಗೆ ಸಂಗಮದಲ್ಲಿ ಮೀಯಲು ಬರುವವರು ಸಾವಿರಾರು. ಎರಡು ನದಿ ಕೂಡುವ ಕಡೆ ಸೆಳೆತ ಎರಡು ದಿಕ್ಕಿನಿಂದ ಬರುತ್ತದೆ. ಹೊಳೆ ತುಂಬಿದ್ದರೆ ಮೆಟ್ಟಿಲ ಮೇಲೇ ಕೂತು ತಂಬಿಗೆಯಿಂದ ನೀರು ಹಾಕಿಕೊಳ್ಳಿ. ದೇವರು ಮೂರು ಮುಳುಗನ್ನು ಎಣಿಸುತ್ತಾ ಕೂತಿರುವುದಿಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋದರೆ ಅವರ ಕೈ ಬಿಡಬೇಡಿ, ಅಜ್ಜಿ ಎಷ್ಟೇ ಬೈದರೂ.

7. ಜಿದ್ದಿಗೆ ಬೀಳಬೇಡಿ

‘ಅಂಜತಿ ಏನಲೇ?’

ಈ ಒಂದು ಪ್ರಶ್ನೆಯೇ ಅನೇಕರನ್ನು ನೀರಿಗೆ ಇಳಿಸುತ್ತದೆ. ಅದಕ್ಕೆ ಉತ್ತರ ಇವತ್ತೇ ಸಿದ್ಧ ಮಾಡಿಕೊಳ್ಳಿ. ‘ಹೂಂ, ಅಂಜತೀನಿ. ನೀನೂ ಬ್ಯಾಡ, ಬಾ ಈ ಕಡಿ.’ ಕನ್ನಡಿ ಮುಂದೆ ಇಂಟರ್‌ವ್ಯೂ ಪ್ರಾಕ್ಟೀಸ್ ಮಾಡುತ್ತೀರಲ್ಲ, ಇದನ್ನೂ ಮಾಡಿ. ಗುಂಪಿನಲ್ಲಿ ಮೊದಲು ಬೇಡ ಎನ್ನಲು ಒಬ್ಬರು ಸಿಕ್ಕರೆ ಉಳಿದ ಮೂವರೂ ಅದನ್ನೇ ಕಾಯುತ್ತಿದ್ದರು ಎಂದು ಗೊತ್ತಾಗುತ್ತದೆ. ಲೀಡರ್‌ಶಿಪ್ ಎಂದು ಸೆಮಿನಾರುಗಳಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ.

ರೀಲ್ಸ್‌ಗಾಗಿ ಇಳಿಯುವವರು 2016ರ ನವೆಂಬರ್ 7 ನೆನಪಿಟ್ಟುಕೊಳ್ಳಿ. ‘ಮಾಸ್ತಿಗುಡಿ’ ಚಿತ್ರೀಕರಣಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಹೆಲಿಕಾಪ್ಟರ್ ಬಂತು. ನಾಯಕ ದುನಿಯಾ ವಿಜಯ್ ಜೊತೆ ಖಳನಟರಾದ ಅನಿಲ್ ಮತ್ತು ಉದಯ್ ನೀರಿಗೆ ಹಾರಿದರು. ವಿಜಯ್ ದಡ ಸೇರಿದರು. ಅನಿಲ್, ಉದಯ್ ಮುಳುಗಿದರು. ಜಿಮ್‌ನಲ್ಲಿ ಹುರಿಗಟ್ಟಿದ ದೇಹ, ಸುತ್ತ ಇಡೀ ಚಿತ್ರತಂಡ, ಓಡುತ್ತಿರುವ ಕ್ಯಾಮೆರಾ. ಯಾವುದೂ ಕೆಲಸಕ್ಕೆ ಬರಲಿಲ್ಲ, ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸಿನಿಮಾದವರಿಗೇ ಆಗದ್ದನ್ನು ಹದಿನೈದು ಸೆಕೆಂಡಿನ ವಿಡಿಯೊಗೆ ನೀವು ಮಾಡಬೇಕಿಲ್ಲ.

8. ಕುಡಿದವರು ದಂಡೆಯಲ್ಲೂ ಬೇಡ

ಎಣ್ಣೆ ಹೊಡೆದು ನೀರಿಗೆ ಇಳಿಯಬೇಡಿ. ಚರ್ಚೆಗೆ ಏನೂ ಇಲ್ಲ. ಜೊತೆಗೆ ಬಂದವರು ಕುಡಿದಿದ್ದರೆ ಅವರ ಬೈಕ್ ಕೀಯಂತೆ ಅವರ ಚಪ್ಪಲಿಯನ್ನೂ ಎತ್ತಿಟ್ಟುಕೊಳ್ಳಿ. ಊಟ ಮಾಡಿ ಈಜಿದರೆ ಸಾಯುತ್ತಾರೆ ಎಂದು ಹೆದರಿಸುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ರೊಟ್ಟಿ, ಎಣ್ಣೆಗಾಯಿ ಹೊಟ್ಟೆ ತುಂಬ ತಿಂದರೆ ಈಜಲು ಸೋಮಾರಿತನ ಬರುತ್ತದೆ, ಅಷ್ಟೇ. ಅದೂ ಒಳ್ಳೆಯದೇ.

9. ಒಬ್ಬರನ್ನು ಕಾವಲಿಗೆ ಕೂರಿಸಿ

ಎಳ್ಳ ಅಮಾಸಿ ದಿನ ನೋಡಿ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ, ಕೆಲವರು ಡ್ಯಾಂ ಕಡೆಗೆ. ಮಳೆಗಾಲ ಚೆನ್ನಾಗಿದ್ದ ವರ್ಷ ಆ ಹೊತ್ತಿಗೂ ನೀರು ಸಾಕಷ್ಟು ಇರುತ್ತದೆ. ಇಪ್ಪತ್ತು ಜನ ದೊಡ್ಡವರು, ಹತ್ತು ಮಕ್ಕಳು. ಅವ್ವ ಅಂದುಕೊಳ್ಳುತ್ತಾಳೆ ಅತ್ತೆ ನೋಡುತ್ತಿದ್ದಾಳೆ ಎಂದು, ಅತ್ತೆ ಅಂದುಕೊಳ್ಳುತ್ತಾಳೆ ಕಾಕಾ ನೋಡುತ್ತಿದ್ದಾನೆ ಎಂದು, ಕಾಕಾ ಫೋನ್ ನೋಡುತ್ತಿರುತ್ತಾನೆ.

ಹೆಸರು ಹಿಡಿದು ಒಬ್ಬರನ್ನು ನೇಮಿಸಿ. ಅವರ ಫೋನ್ ಇನ್ನೊಬ್ಬರ ಕೈಲಿರಲಿ. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ. ಸಣ್ಣ ಮಕ್ಕಳು ಕೈಗೆಟುಕುವ ದೂರದಲ್ಲೇ ಇರಲಿ. ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು, ಮೇಡಂಗಳು ಬಸ್ ಹೊರಡುವ ಮೊದಲೇ ಈ ಪಾಳಿಪಟ್ಟಿ ಬರೆಯಿರಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸದಿಂದ ಮನೆಗೆ ಮರಳಲೇ ಇಲ್ಲ.

ಕಾವಲು ಕೂತವರಿಗೆ ಏನು ನೋಡಬೇಕೆಂದೂ ಗೊತ್ತಿರಲಿ. ಮುಳುಗುವವರು ಸಿನಿಮಾದಂತೆ ‘ಕಾಪಾಡಿ’ ಎಂದು ಕೈ ಬೀಸಿ ಕೂಗುವುದು ಅಪರೂಪ. ಉಸಿರಿಗೇ ಗಾಳಿ ಸಾಲದಿರುವಾಗ ಕೂಗಿಗೆ ಎಲ್ಲಿಂದ ಬರಬೇಕು? ಮೈ ನೆಟ್ಟಗೆ ನಿಂತಂತಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಕಣ್ಣು ಎಲ್ಲೋ. ದೂರದಿಂದ ನೋಡಿದರೆ ಆಟ ಆಡುತ್ತಿದ್ದಾರೆ ಎನಿಸುತ್ತದೆ. ಇದು ನಡೆಯುವುದು 20ರಿಂದ 60 ಸೆಕೆಂಡು. ಸಂಶಯ ಬಂದರೆ ಹೆಸರು ಹಿಡಿದು ಕರೆಯಿರಿ. ಉತ್ತರ ಬರದಿದ್ದರೆ ಮುಂದಿನ ಸೂತ್ರ ಶುರು ಮಾಡಿ. ಮಕ್ಕಳ ಗದ್ದಲ ಒಮ್ಮೆಲೇ ನಿಂತರೂ ಎದ್ದು ನೋಡಿ.

10. ಹಾರಬೇಡಿ, ಎಸೆಯಿರಿ

‘ಗೆಳೆಯನನ್ನು ಉಳಿಸಲು ಹೋಗಿ ಇನ್ನಿಬ್ಬರು ನೀರುಪಾಲು’ ಎಂಬ ಸುದ್ದಿ ಪ್ರತಿ ಬೇಸಿಗೆ ಓದುತ್ತೀರಿ. ಮುಳುಗುತ್ತಿರುವವನು ಸಿಕ್ಕಿದ್ದನ್ನು ಹತ್ತಿ ಮೇಲೆ ಬರಲು ನೋಡುತ್ತಾನೆ. ನೀವು ಸಿಕ್ಕರೆ ನಿಮ್ಮನ್ನೇ ಹತ್ತುತ್ತಾನೆ. ಅವನ ತಪ್ಪಲ್ಲ, ಗಾಬರಿಗೆ ಗೆಳೆತನ ಗೊತ್ತಿಲ್ಲ. ತರಬೇತಿ ಇಲ್ಲದವರು ನೀರಿಗೆ ಹಾರಬೇಡಿ.

ಮೊದಲು ಚಾಚಿ: ಬಡಿಗಿ, ಟೊಂಗೆ, ಒದ್ದೆ ಮಾಡಿ ತಿರುಚಿದ ಸೀರೆ, ಧೋತರ. ನೀವು ನೆಲದ ಮೇಲೆ ಮಲಗಿ ಚಾಚಿ, ನಿಂತು ಚಾಚಿದರೆ ನೀವೂ ಒಳಗೆ. ಎಟುಕದಿದ್ದರೆ ಎಸೆಯಿರಿ: ಖಾಲಿ ಪ್ಲಾಸ್ಟಿಕ್ ಕೊಡ, ಟೈರ್ ಟ್ಯೂಬ್, ಮುಚ್ಚಳ ಬಿಗಿದ ಕ್ಯಾನ್. ಇದೂ ಆಗದಿದ್ದರೆ ತೆಪ್ಪದವರನ್ನು ಕೂಗಿ.

ಪ್ರತಿ ಡ್ಯಾಂ ಟ್ರಿಪ್ಪಿಗೂ ಒಂದು ಕಿಟ್ ಮಾಡಿಕೊಳ್ಳಿ. ಖರ್ಚು ಹಗ್ಗದ್ದು ಮಾತ್ರ. ಅಡುಗೆ ಎಣ್ಣೆಯ 5 ಲೀಟರ್ ಖಾಲಿ ಕ್ಯಾನ್ ತೊಳೆಯಿರಿ. ಹಿಡಿಕೆಗೆ ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಕೈ ತೂರುವ ಕುಣಿಕೆ ಹಾಕಿ. ಈಗ ಗುಟ್ಟು: ಕ್ಯಾನಿನೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಿರಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ಅಡ್ಡಡ್ಡ ಹಾರಿ ಎಲ್ಲೋ ಬೀಳುತ್ತದೆ. ಆ ಒಂದು ಲೋಟದ ಭಾರಕ್ಕೆ ನೇರ ಹೋಗುತ್ತದೆ, ಆದರೂ ತೇಲುತ್ತದೆ. ಮುಳುಗುವವನ ತಲೆಗೆ ಗುರಿ ಇಡಬೇಡಿ, ತಲೆಯ ಆಚೆಗೆ ಎಸೆದು ಎಳೆದುಕೊಳ್ಳಿ, ಹಗ್ಗ ಅವನ ಹೆಗಲ ಮೇಲೆ ಬರುತ್ತದೆ. ಹಾಸ್ಟೆಲ್ ಮೈದಾನದಲ್ಲಿ ಒಂದು ಚಪ್ಪಲಿ ಗುರಿಯಿಟ್ಟು ಎಸೆದು ನೋಡಿ. ಮೊದಲ ಸಲ ಹಗ್ಗವೇ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದು ಮೈದಾನದಲ್ಲೇ ಆಗಲಿ.

ಎಸೆಯುತ್ತಿರುವಾಗಲೇ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಆಂಬ್ಯುಲೆನ್ಸ್‌ಗೆ 108. ‘ಡ್ಯಾಂ ಹತ್ತಿರ’ ಎಂದರೆ ಸಾಲದು, ಒಡ್ಡಿನ ಯಾವ ತುದಿ, ಯಾವ ಊರ ದಾರಿ ಎಂದು ಹೇಳಿ.

11. ಉಪ್ಪಲ್ಲ, ಉಸಿರು ಕೊಡಿ

ಈ ಸೂತ್ರವನ್ನು ಎರಡು ಸಲ ಓದಿ, ಮನೆಯ ಗ್ರೂಪಿಗೂ ಕಳಿಸಿ.

2022ರಲ್ಲಿ ಬಳ್ಳಾರಿ ಕಡೆಯ ಒಂದು ಹಳ್ಳಿಯಲ್ಲಿ, ಮರುವರ್ಷ ಹಾವೇರಿ ಕಡೆಯಲ್ಲಿ, ನೀರಿನಲ್ಲಿ ಮುಳುಗಿ ಸತ್ತ ಮಕ್ಕಳನ್ನು ಮನೆಯವರು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಮಲಗಿಸಿ ಕಾದರು. ಉಪ್ಪು ನೀರು ಹೀರಿಕೊಂಡು ಜೀವ ವಾಪಸ್ ಬರುತ್ತದೆ ಎಂದು ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬಿದ್ದರು. ಮಗ ಬದುಕಲಿ ಎಂದು ಉಪ್ಪಿನ ಮೂಟೆ ಹೊತ್ತು ತಂದವರನ್ನು ನೋಡಿ ನಾನು ನಗಲಾರೆ. ಆ ಸಂದೇಶ ಫಾರ್ವರ್ಡ್ ಮಾಡಿದ ಓದು ಬಲ್ಲವರನ್ನು ಮಾತ್ರ ಕೇಳಬೇಕು. ಸತ್ತವರನ್ನು ಉಪ್ಪು ಎಬ್ಬಿಸುವುದಿಲ್ಲ. ಉಸಿರು ನಿಂತು ಒಂದೆರಡು ನಿಮಿಷ ಆದವರನ್ನು ನಿಮ್ಮ ಬಾಯಿ ಮತ್ತು ಎರಡು ಅಂಗೈ ಉಳಿಸಬಹುದು. ಉಸಿರಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಬೀಳಲು ಶುರು.

ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋಗುತ್ತದೆ, ಸಮಯವೂ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹೆಗಲು ತಟ್ಟಿ ಕೂಗಿ. ಎಚ್ಚರವಿಲ್ಲ, ಉಸಿರಾಟ ಕಾಣುತ್ತಿಲ್ಲ ಎಂದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು 2 ಸಲ ಊದಿ. ಎದೆ ಏರುವುದು ಕಣ್ಣಿಗೆ ಕಾಣಬೇಕು. ಆಮೇಲೆ ಎದೆಯ ನಡುವೆ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಾಗದಂತೆ, ಸುಮಾರು 5 ಸೆಂಟಿಮೀಟರ್ ಒಳಹೋಗುವಂತೆ 30 ಸಲ ಒತ್ತಿ. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ 2 ಸಲ ಊದಿ, ಮತ್ತೆ 30. ಹೃದಯಾಘಾತದ ವಿಡಿಯೊಗಳಲ್ಲಿ ಎದೆ ಒತ್ತುವುದನ್ನಷ್ಟೇ ತೋರಿಸುತ್ತಾರೆ. ನೀರಿನಲ್ಲಿ ಮುಳುಗಿದವರಿಗೆ ಕೊರತೆ ಬಿದ್ದಿರುವುದೇ ಗಾಳಿ, ಊದುವುದನ್ನು ಬಿಡಬೇಡಿ. ಆಂಬ್ಯುಲೆನ್ಸ್ ಬರುವತನಕ, ಇಲ್ಲವೇ ಉಸಿರಾಟ ಶುರುವಾಗುವತನಕ ನಿಲ್ಲಿಸಬೇಡಿ. ಇಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಕಣ್ಣು ಬಿಟ್ಟು ಕೂತರೂ ಮನೆಗೆ ಕರೆದೊಯ್ಯಬೇಡಿ. ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ನಂತರ ತೊಂದರೆ ಕೊಡಬಹುದು. ಆಳಂದದ ತಾಲ್ಲೂಕು ಆಸ್ಪತ್ರೆಗೆ, ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

12. ದೂರುವುದನ್ನು ಬಿಟ್ಟು ಅರ್ಜಿ ಬರೆಯಿರಿ

‘ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ’ ಎಂಬ ಬೋರ್ಡಿನ ಮೇಲೇ ಈಜಿ ಬಂದವರ ಟವೆಲ್ ಒಣಗುತ್ತಿರುತ್ತದೆ. ಬೋರ್ಡ್ ಒಂದರಿಂದ ಆಗುವ ಕೆಲಸ ಅಷ್ಟೇ. ‘ನಮ್ಮ ಮಾತು ಯಾರು ಕೇಳ್ತಾರ’ ಎಂದು ಕೂರಬೇಡಿ. ಕೇಳುವುದು ಏನನ್ನು ಎಂಬುದು ಸ್ಪಷ್ಟವಾಗಿದ್ದರೆ ಕೇಳುತ್ತಾರೆ.

ಒಂದು ಹಾಳೆ ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿ ಪಿಡಿಒ ಅವರಿಗೆ ಒಂದು ಪ್ರತಿ, ಅಣೆಕಟ್ಟು ನೋಡಿಕೊಳ್ಳುವ ನೀರಾವರಿ ಕಚೇರಿಗೆ ಒಂದು, ತಹಶೀಲ್ದಾರರಿಗೆ ಒಂದು. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆಯಬೇಡಿ, ಅದಕ್ಕೆ ಸೂಕ್ತ ಉತ್ತರ ಬಂದು ಮುಗಿಯುತ್ತದೆ. ಹೀಗೆ ಬರೆಯಿರಿ: ಜನ ಇಳಿಯುವ ಜಾಗದಲ್ಲಿ ಕಂಬಕ್ಕೆ ತೂಗುಹಾಕಿದ ಎರಡು ಲೈಫ್ ರಿಂಗ್, ಹಗ್ಗದ ಸಮೇತ. ಆಳ ಶುರುವಾಗುವ ಕಡೆ ಕೆಂಪು ಡ್ರಮ್ಮುಗಳ ಸಾಲು. ತೂಬಿನ ಸುತ್ತ ಬೇಲಿ. 112 ಮತ್ತು ಜಾಗದ ಹೆಸರು ಬರೆದ ಫಲಕ, ಫೋನಿನಲ್ಲಿ ಓದಿ ಹೇಳಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ. ಎಳ್ಳ ಅಮಾಸಿ, ಬೇಸಿಗೆ ಭಾನುವಾರಗಳಂದು ಈಜು ಬಲ್ಲ ಇಬ್ಬರು ಸ್ಥಳೀಯ ಮೀನುಗಾರರಿಗೆ ದಿನಗೂಲಿ ಕೊಟ್ಟು ಕಾವಲು. ಅಗ್ನಿಶಾಮಕ ಠಾಣೆಯವರಿಂದ ಕಾಲೇಜಿನಲ್ಲಿ ಒಂದು ದಿನದ ಡೆಮೊ.

ಪ್ರತಿಯೊಂದಕ್ಕೂ ಅಂದಾಜು ಬೆಲೆ ಅಂಗಡಿಯಲ್ಲಿ ಕೇಳಿ ಪಕ್ಕದಲ್ಲಿ ಬರೆಯಿರಿ. ಎನ್‌ಎಸ್‌ಎಸ್ ಘಟಕದ ಸೀಲ್ ಹಾಕಿಸಿ. ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಮೂವತ್ತು ದಿನಕ್ಕೆ ಮತ್ತೆ ಹೋಗಿ, ಅದೇ ಹಾಳೆ ಹಿಡಿದುಕೊಂಡು. ಅಷ್ಟರೊಳಗೆ ನಿಮ್ಮದೇ ಎಣ್ಣೆ ಕ್ಯಾನು, ಹಗ್ಗ ಆ ಕಂಬಕ್ಕೆ ತೂಗುತ್ತಿರಲಿ.